ನಾಯಿ ಮೂಗಿನ ಕರೆಂಟು

ಯಾರ ಮನೆ ಮುಂದೆ ಹೋಗಿ ನಿಂತರೂ ಜನ ಮೊದಲು ನನ್ನನ್ನು ಅನುಮಾನದಿಂದ ನೋಡುತ್ತಾರೆ, ಆಮೇಲೆ ನನ್ನ ಕೈಯಲ್ಲಿರುವ ಪೆಟ್ಟಿಗೆಯನ್ನು ನೋಡುತ್ತಾರೆ, ಆಮೇಲೆ ಮತ್ತೆ ನನ್ನ ಕಡೆ ತಿರುಗಿ ಇನ್ನೂ ಜಾಸ್ತಿ ಅನುಮಾನದಿಂದ ನೋಡುತ್ತಾರೆ. ಇದು ಒಂದು ಸಲ ಆಗಿ ಮುಗಿದ ಕಥೆಯಲ್ಲ, ಹೋದ ಊರಲ್ಲೆಲ್ಲ ಆಗುತ್ತಲೇ ಇರುತ್ತದೆ. ಅವರದೂ ತಪ್ಪಿಲ್ಲ ಬಿಡಿ. "ಏನ್ ಕೆಲಸ ನಿಮ್ದು?" ಅಂತ ಕೇಳಿದರೆ ನಾನು ಕೊಡಬೇಕಾದ ಉತ್ತರವೇ ಹಾಗಿದೆ: "ನಿಮ್ಮ ನಾಯಿ ಮೂಸುವಾಗ ಅದರ ತಲೆಯೊಳಗೆ ಏಳುವ ಕರೆಂಟನ್ನು ಅಳೆಯೋದು."

ನಾನು ಪಶುವೈದ್ಯ ಓದಿದವಳು. ಕೆಲವು ವರ್ಷ ದನಗಳಿಗೆ ಇಂಜೆಕ್ಷನ್ ಚುಚ್ಚಿಕೊಂಡಿದ್ದು ಆಮೇಲೆ ಒಂದು ಸಂಶೋಧನೆಯ ಕೆಲಸಕ್ಕೆ ಸೇರಿದೆ. ಮೂಗಿನ ಹಿಂದೆ, ಮಿದುಳಿನ ಮುಂತುದಿಯಲ್ಲಿ, ಸಣ್ಣ ಈರುಳ್ಳಿ ಗೆಡ್ಡೆಯಂಥ ಒಂದು ಭಾಗ ಇರುತ್ತದೆ. ವಾಸನೆಯ ಸುದ್ದಿ ಮೊದಲು ತಲುಪುವುದು ಅಲ್ಲಿಗೆ. ಭಜನೆಗೆ ಕೂತವರು ಒಟ್ಟಿಗೆ ತಾಳ ಹಾಕುವ ಹಾಗೆ ಅಲ್ಲಿನ ನರಕೋಶಗಳು ಒಂದೇ ಲಯಕ್ಕೆ ಬೀಳುತ್ತವೆ. ಉಸಿರಿನ ಜೊತೆ ಎದ್ದು ಬೀಳುವ ನಿಧಾನದ ಲಯ ಒಂದು. ಅದರ ಬೆನ್ನೇರಿ ಬರುವ ಚುರುಕಿನ ಲಯ ಇನ್ನೊಂದು. ಪರಿಚಯದ ವಾಸನೆ, ಅದರಲ್ಲೂ ಇದರ ಹಿಂದೆ ತಿನ್ನೋಕೆ ಏನೋ ಸಿಗುತ್ತೆ ಅಂತ ಕಲಿತ ವಾಸನೆ ಬಂದರೆ, ಇವೆರಡರ ನಡುವಿನ ಒಂದು ಲಯ ಎದೆಯುಬ್ಬಿಸಿ ನಿಲ್ಲುತ್ತದೆ. ನಾಯಿಯ ಹಣೆಗೆ ಬಿಂದಿಯಷ್ಟಗಲದ ಸ್ಟಿಕ್ಕರ್‌ಗಳನ್ನು ಅಂಟಿಸಿ, ಅವುಗಳ ತಂತಿಯನ್ನು ಪೆಟ್ಟಿಗೆಗೆ ಸೇರಿಸಿ, ಒಂದೊಂದೇ ಸೀಸೆಯ ವಾಸನೆ ತೋರಿಸಿ, ಪರದೆಯ ಮೇಲೆ ಏಳುವ ಅಲೆ ನೋಡುವುದು ನಮ್ಮ ಕೆಲಸ. ಸೂಜಿ ಇಲ್ಲ, ನೋವಿಲ್ಲ, ನಾಯಿಗೆ ಕೊನೆಯಲ್ಲಿ ಬಿಸ್ಕತ್ತು ಉಂಟು.

ಇಷ್ಟನ್ನು ನಾನು ಊರೂರಲ್ಲೂ ಹೇಳುತ್ತೇನೆ. ಯಾರೂ ನಂಬುವುದಿಲ್ಲ. ಊರವರ ಮಾತು ಇರಲಿ, ನಮ್ಮ ಜೀಪಿನ ಡ್ರೈವರೇ ನಂಬಿಲ್ಲ. ನಾನು ಪೆಟ್ಟಿಗೆಯ ಸ್ವಿಚ್ ಒತ್ತಿದ ಕೂಡಲೇ ಬೇಸಿಗೆಯಾದರೂ ಸರಿ, ಮಫ್ಲರ್ ತೆಗೆದು ಹಣೆ ಮುಚ್ಚುವ ಹಾಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತಾನೆ. "ಯಾಕಪ್ಪಾ?" ಅಂದರೆ, "ನಮ್ ತಲೇಲಿ ಸಾವಿರ ಇರ್ತವೆ ಮೇಡಂ, ನಾಯಿದು ನೋಡೋಕೋಗಿ ನಂದು ಕಂಡ್‌ಬಿಟ್ರೆ?" ಅನ್ನುತ್ತಾನೆ.

ಎದುರು ಮನೆಯವರು

ಅರಸೀಕೆರೆಯಲ್ಲಿ ನಮ್ಮ ಎದುರು ಮನೆಯಾಕೆ ಸಂಜೆ ಹೊತ್ತು ಕಾಫಿ ಲೋಟ ಹಿಡಿದುಕೊಂಡೇ ನಮ್ಮ ಜಗಲಿಗೆ ಬಂದು ಕೂರುವವರು. ಬೀದಿಯ ಸಮಾಚಾರವೆಲ್ಲ ನನಗೆ ತಲುಪುವುದು ಅವರ ಮೂಲಕ. ಪೆಟ್ಟಿಗೆ ಮನೆಗೆ ಬಂದ ದಿನದಿಂದ ಆಕೆ ಹೊಸ್ತಿಲಲ್ಲೇ ನಿಂತು, ದನಿ ತಗ್ಗಿಸಿ, "ಅದು ಆಫ್ ಆಗಿದ್ಯೇನ್ರೀ?" ಅಂತ ವಿಚಾರಿಸಿಯೇ ಒಳಗೆ ಬರಲು ಶುರುಮಾಡಿದರು.

"ಅಯ್ಯೋ, ಅದು ಮಾತು ಕೇಳಿಸಿಕೊಳ್ಳೋ ಮಿಷನ್ ಅಲ್ಲ ಕಣ್ರೀ. ತಂತಿ ಅಂಟಿಸದೆ ಅದು ಏನೂ ಮಾಡಲ್ಲ" ಅಂದೆ.

"ನಾಯಿ ಮೂಸಿದ್ದೇ ಗೊತ್ತಾಗೋ ಮಿಷನ್‌ಗೆ ನಾನು ಮಾತಾಡಿದ್ದು ಗೊತ್ತಾಗಲ್ವಾ?"

ಚಾರ್ಜಿಗೆ ಹಾಕಿದ್ದ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ತೋರಿಸಿದೆ. ಆಕೆ ಅದರ ಮೇಲೆ ಒಂದು ಟವೆಲ್ಲನ್ನೂ ಹೊದಿಸಿ, ಆಮೇಲೆ ಮೂಲೆಮನೆಯವರ ಮಗಳ ನಿಶ್ಚಿತಾರ್ಥ ಯಾಕೆ ಮುಂದಕ್ಕೆ ಹೋಯಿತು ಅನ್ನುವುದನ್ನು ಹೇಳಿದರು. ಇದೇ ನಿತ್ಯದ ಪದ್ಧತಿ ಆಯಿತು. ಪ್ಲಗ್ ಕೀಳುವುದು, ಟವೆಲ್ ಹೊದಿಸುವುದು, ಸಮಾಚಾರ.

ಒಂದು ಸಂಜೆ ಆಕೆ ಮುಖ ಕೆಂಪಗೆ ಮಾಡಿಕೊಂಡು ಬಂದರು. ನಾನು ರೂಢಿಯಂತೆ ಪ್ಲಗ್ ಕೀಳಲು ಎದ್ದೆ. ಕೈ ಹಿಡಿದು ತಡೆದರು. ಟವೆಲ್ ತಾವೇ ಎಳೆದು ಆಚೆ ಹಾಕಿದರು.

"ಇವತ್ತು ಆನ್ ಮಾಡಿ. ನಮ್ಮ ನಾದಿನಿ ವಿಷಯ. ಪೂರ್ತಿ ರೆಕಾರ್ಡ್ ಆಗ್ಲಿ!"

ಹಾರನಹಳ್ಳಿಯ ನಾಮ

ಹಳ್ಳಿ ನಾಯಿಗಳ ಕೆಲಸ ಶುರು ಮಾಡಿದ್ದು ಹಾರನಹಳ್ಳಿಯಲ್ಲಿ. ಒಬ್ಬ ತೆಂಗಿನ ತೋಟದ ಯಜಮಾನರು ತಮ್ಮ ಕಾವಲು ನಾಯಿಯನ್ನು ಕೊಡಲು ಒಪ್ಪಿದ್ದರು. ಒಪ್ಪಿದ್ದರು ಅಂದರೆ ಬೇಡ ಅಂದಿರಲಿಲ್ಲ, ಅಷ್ಟೇ. ನಾನು ಅಂಗಳದಲ್ಲಿ ಪೆಟ್ಟಿಗೆ ಇಟ್ಟು ತಂತಿ ಬಿಡಿಸುವ ಹೊತ್ತಿಗೆ ಅಕ್ಕಪಕ್ಕದವರೆಲ್ಲ ಸೇರಿದರು.

"ನಾಯಿಗೆ ಕರೆಂಟ್ ಕೊಡ್ತಾವ್ರಂತೆ" ಅಂತ ಒಬ್ಬರು ಇನ್ನೊಬ್ಬರಿಗೆ ಹೇಳಿದರು.

"ಕೊಡೋದಲ್ಲಪ್ಪ, ಅದರ ತಲೇಲಿ ಹುಟ್ಟೋ ಕರೆಂಟನ್ನ ನಾವು ತಗೊಳ್ಳೋದು" ಅಂತ ತಿದ್ದಿದೆ.

ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಚೆನ್ನಾಗಿತ್ತು. ಯಜಮಾನರು ಬೀಡಿ ಆರಿಸಿ ಎದ್ದು ಬಂದರು. "ತಗೊಳ್ಳೋದಾ? ತಗೊಂಡ್ರೆ ನಾಯಿಗೆ ಕಮ್ಮಿ ಆಗಕಿಲ್ವಾ?"

"ಇಲ್ಲ ಯಜಮಾನ್ರೇ, ಅದು ಅಲ್ಲೇ ಇರುತ್ತೆ. ಎಷ್ಟಿದೆ ಅಂತ ನೋಡೋದಷ್ಟೇ."

"ಮೊದ್ಲು ಮೀಟ್ರು ನೋಡ್ಕೊಂಡೋದೋರೂ ಹಂಗೇ ಅಂದಿದ್ರು" ಅಂದರು ಹಿಂದಿನಿಂದ ಒಬ್ಬ ಅಜ್ಜಿ.

ಸ್ಟಿಕ್ಕರ್ ನಿಲ್ಲಬೇಕಾದರೆ ಕೂದಲು ಇರಬಾರದು. ನಾಯಿಯ ಹಣೆಯಲ್ಲಿ ಸ್ವಲ್ಪ ಕೂದಲು ತೆಗೆಯುತ್ತೇನೆ ಅಂತ ಕೇಳಿಕೊಂಡೆ. ಯಜಮಾನರು ತಲೆ ಕೆರೆದುಕೊಂಡು ಒಪ್ಪಿದರು. ಟ್ರಿಮ್ಮರ್‌ನಲ್ಲಿ ಎರಡು ಹುಬ್ಬಿನ ಮೇಲಿಂದ ಒಂದೊಂದು ಗೆರೆ, ನಡುವೆ ಮೂಗಿನ ಬುಡದಿಂದ ಒಂದು ಗೆರೆ ತೆಗೆದೆ. ಕಪ್ಪು ನಾಯಿ, ಒಳಗಿನ ಚರ್ಮ ಬಿಳುಪು. ಕೆಲಸದ ಗಡಿಬಿಡಿಯಲ್ಲಿ ನನಗೆ ಏನೂ ಅನಿಸಿರಲಿಲ್ಲ. ನಾಯಿ ಬಹಳ ಸಮಾಧಾನದ್ದು, ಒಣಕೊಬ್ಬರಿ ಸೀಸೆ ತೋರಿಸಿದಾಗ ಪರದೆಯ ಮೇಲೆ ಎಂಥಾ ಅಲೆ ಬಂತೆಂದರೆ ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಎಲ್ಲ ಮುಗಿದು ಸ್ಟಿಕ್ಕರ್ ಕಿತ್ತು ನಾಯಿಯನ್ನು ಬಿಟ್ಟಾಗ ಅದು ಜನರ ಕಡೆ ತಿರುಗಿ ಗಂಭೀರವಾಗಿ ಕೂತುಕೊಂಡಿತು. ಹಣೆಯ ಮೇಲೆ ಅಚ್ಚುಕಟ್ಟಾಗಿ ಮೂರು ನಾಮ.

ಯಜಮಾನರು ನಾಯಿಯನ್ನು ನೋಡಿದರು, ನನ್ನನ್ನು ನೋಡಿದರು, ಜೀಪಿನ ಪಕ್ಕ ಮಫ್ಲರ್ ಕಟ್ಟಿಕೊಂಡು ನಿಂತಿದ್ದ ನಮ್ಮ ಡ್ರೈವರನ್ನೂ ನೋಡಿದರು.

"ಸರಿ ಕಣವ್ವ, ನಾಯಿಗಂತೂ ಹಾಕಿದ್ರಿ. ನಮಗ್ಯಾವಾಗ ಹಾಕ್ತೀರಾ ಅಂತ ಮೊದ್ಲೇ ಹೇಳ್ಬುಡಿ."

ಟೊಳ್ಳು

ನಾಯಿಗಳಾದ ಮೇಲೆ ದನಗಳಲ್ಲೂ ಆಗುತ್ತದೆಯೇ ನೋಡಿ ಅಂತ ಮೇಲಿನವರ ಆಸೆ. ನಾಯಿಯಷ್ಟು ಸುಲಭವಲ್ಲ. ಎತ್ತಿನ ಹಣೆಯ ಮೂಳೆ ಎರಡು ಪದರ, ನಡುವೆ ಗಾಳಿ ತುಂಬಿದ ದೊಡ್ಡ ಗೂಡು. ಒಳಗಿನ ಲಯ ಹೊರಗಿನ ಸ್ಟಿಕ್ಕರಿಗೆ ತಲುಪುವಷ್ಟರಲ್ಲಿ ಸೊರಗಿಹೋಗುತ್ತದೆ. ಆದರೂ ಬೇಲೂರು ಕಡೆ ಒಬ್ಬ ರೈತರ ಮನೆಯ ಬಿಳಿ ಎತ್ತಿಗೆ ಸ್ಟಿಕ್ಕರ್ ಅಂಟಿಸಿ ಕೂತೆವು. ಬೂಸಾ ತೋರಿಸಿದೆ, ಹಸಿಹುಲ್ಲು ತೋರಿಸಿದೆ, ಬೆಲ್ಲ ತೋರಿಸಿದೆ. ಪರದೆಯ ಮೇಲೆ ಗೆರೆ ಯಗಚಿ ಹೊಳೆಯ ಬೇಸಿಗೆ ನೀರಿನ ಹಾಗೆ ಮಿಸುಕಾಡದೆ ಮಲಗಿತ್ತು.

ಎತ್ತಿನ ಮಾಲೀಕರು ನನ್ನ ಬೆನ್ನ ಹಿಂದೆಯೇ ನಿಂತು ನೋಡುತ್ತಿದ್ದರು. "ಏನೂ ಬತ್ತಿಲ್ವಲ್ಲ?"

"ಬರಲ್ಲ ಗೌಡ್ರೇ. ಇದರ ಹಣೆ ಒಳಗೆ ಟೊಳ್ಳು."

ಅವರು ಕೊರಳು ಚಾಚಿ ಬೀದಿಯ ಆ ತುದಿ ಈ ತುದಿ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದರು. ಬೈಯುತ್ತಾರೇನೋ ಅಂದುಕೊಂಡೆ.

"ಅದು ದಡ್ಡ ಅಂತ ನಮಗೆ ಮೊದ್ಲಿಂದ್ಲೂ ಗೊತ್ತೈತೆ ಕಣಮ್ಮ. ಆದ್ರೆ ನಾಳೀಕೆ ಸಂತೆಗೆ ಹೊಡ್ಕೊಂಡೋಗ್ಬೇಕು. ನಿಮ್ ದಮ್ಮಯ್ಯ, ಮೆಲ್ಲಗೆ ಮಾತಾಡಿ."

ಕರೆಂಟ್ ಹೋದರೆ ಕುಣಿಯುವವರು

ನಮ್ಮ ಕೆಲಸಕ್ಕೆ ಒಂದು ದೊಡ್ಡ ಶತ್ರು ಇದೆ. ಮನೆಮನೆಯ ಗೋಡೆಯಲ್ಲಿ ಹರಿಯುವ ಕರೆಂಟು. ಅದಕ್ಕೂ ಒಂದು ಲಯ ಉಂಟು. ಆ ಗುಂಯ್‌ಗುಡುವಿಕೆ ನಾಯಿಯ ಚುರುಕಿನ ಲಯದ ಹತ್ತಿರಹತ್ತಿರವೇ ಬಂದು ಕೂರುತ್ತದೆ. ನಾಯಿಯದು ಪಿಸುಮಾತು, ಗೋಡೆಯದು ಮೈಕ್. ನಮ್ಮ ಪೆಟ್ಟಿಗೆಯದು ಬ್ಯಾಟರಿ, ಆದ್ದರಿಂದ ಊರಿನ ಕರೆಂಟ್ ಹೋದರೆ ನಮಗೆ ಹಬ್ಬ.

ಗೆಂಡೆಹಳ್ಳಿಯಲ್ಲಿ ಹೀಗಾಯಿತು. ಬೀದಿ ನಡುವಿನ ಒಂದು ಮನೆಯ ನಾಯಿಗೆ ಸ್ಟಿಕ್ಕರ್ ಅಂಟಿಸಿ ಕೂತಿದ್ದೇವೆ, ಪರದೆ ತುಂಬ ಗುಂಯ್. ಆ ಮನೆಯ ಮೇನ್ ಆಫ್ ಮಾಡಿಸಿದೆ, ಪಕ್ಕದ ಮನೆಯವರನ್ನೂ ಕೇಳಿಕೊಂಡೆ, ಆದರೂ ಹೋಗಲಿಲ್ಲ. ಎದುರು ಮನೆಯಲ್ಲಿ ಮಧ್ಯಾಹ್ನದ ಧಾರಾವಾಹಿ ನಡೆಯುತ್ತಿತ್ತು, ಅವರು ಕಿಟಕಿಯಿಂದಲೇ ಕೈಯಾಡಿಸಿ ಆಗಲ್ಲ ಅಂದರು. ಅಷ್ಟರಲ್ಲಿ ಊರಿನ ಕರೆಂಟೇ ಹೋಯಿತು. ಪರದೆ ತಿಳಿಯಾಯಿತು. ನಾನು, "ಹೋಯ್ತು! ಹೋಯ್ತು!" ಅಂತ ಕೂಗಿದೆ. ಡ್ರೈವರ್ ಎರಡೂ ಕೈ ಮೇಲೆತ್ತಿ ಒಂದು ಸುತ್ತು ತಿರುಗಿದ.

ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ಕರೆಂಟ್ ಹೋದದ್ದಕ್ಕೆ ಕುಣಿಯುವ ಮನುಷ್ಯರನ್ನು ಆ ಊರು ಅದುವರೆಗೆ ಕಂಡಿರಲಿಲ್ಲ.

ಮಾರನೆಯ ದಿನವೂ ಹೋದೆವು, ಅವತ್ತೂ ಕರೆಂಟ್ ಹೋಯಿತು. ಅದು ಕಾಕತಾಳೀಯ. ಅದರ ಮಾರನೆಯ ದಿನ ಬೇಕೆಂದೇ ಕರೆಂಟ್ ತೆಗೆಯುವ ಹೊತ್ತು ವಿಚಾರಿಸಿಕೊಂಡು ಹೋದೆವು. ಜೀಪಿನಿಂದ ಇಳಿಯುವುದಕ್ಕೂ ಫ್ಯಾನ್‌ಗಳು ನಿಲ್ಲುವುದಕ್ಕೂ ಸರಿಹೋಯಿತು. ಅಲ್ಲಿಗೆ ನಮ್ಮ ಮೇಲಿನ ಅನುಮಾನ ಗಟ್ಟಿಯಾಯಿತು. ಬೀದಿಯಲ್ಲಿ ಲೈನ್‌ಮ್ಯಾನ್‌ನನ್ನು ಅಡ್ಡಗಟ್ಟಿ ಜನ ತರಾಟೆಗೆ ತೆಗೆದುಕೊಂಡರು. "ಆವಮ್ಮ ಕಣ್ಣಲ್ಲಿ ಸನ್ನೆ ಮಾಡಿದ್ರೆ ಸಾಕು, ನೀನು ಫ್ಯೂಸ್ ಎಳೀತೀಯಂತಲ್ಲ?" ಪಾಪ, ಅವರು ನನ್ನನ್ನು ನೋಡಿದ್ದೇ ಅವತ್ತು ಮೊದಲು. ದೂರದಿಂದಲೇ ಕೈಮುಗಿದು, "ಮೇಡಂ, ನಮ್ಮಿಬ್ರಿಗೂ ಪರಿಚಯ ಇಲ್ಲ ಅಂತ ನೀವೇ ಹೇಳ್ಬಿಡಿ" ಅಂದರು.

ನಾನು ಕೂಗಿ ಹೇಳಿದೆ. "ಇವರು ಯಾರು ಅಂತಲೇ ನನಗೆ ಗೊತ್ತಿಲ್ಲ!"

"ನೋಡ್ದಾ?" ಅಂದರು ಗುಂಪಿನಲ್ಲಿದ್ದ ಒಬ್ಬ ಹಿರಿಯರು. "ಎಂಗೆ ಮಾತಾಡ್ಕೊಂಡವ್ರೆ!"

ಆ ವಾರದ ಕೊನೆಗೆ ಅದೇ ಧಾರಾವಾಹಿ ಮನೆಯ ಅಜ್ಜಿ ಎಲ್ಲಿಂದಲೋ ನನ್ನ ನಂಬರ್ ಸಂಪಾದಿಸಿ ಬೆಳಿಗ್ಗೆಯೇ ಫೋನ್ ಮಾಡಿದರು. ದನಿ ಬಹಳ ವಿನಯವಾಗಿತ್ತು.

"ತಾಯಿ, ರಾಗಿ ಮಿಲ್ಲಿಗೆ ಹೊಂಟಿವ್ನಿ. ನೀವೇನಾದ್ರೂ ಇವತ್ತು ಬತ್ತೀರಾ? ಬರಂಗಿದ್ರೆ ಹೇಳಿ, ನಾಳೆ ಬೀಸಿಸ್ಕತೀನಿ."

ನಿಧಿ

ಇಲ್ಲಿಯವರೆಗೆ ನಗುವ ಮಾತಾಯಿತು. ಹಳೇಬೀಡಿನಲ್ಲಿ ನನಗೆ ನಿಜವಾಗಿ ಹೆದರಿಕೆಯಾಯಿತು.

ಕರೆಂಟಿನ ಕಾಟ ತಪ್ಪಿಸಿಕೊಳ್ಳಲು ಊರಿನಿಂದ ದೂರ, ತಂತಿ ಕಂಬ ಇಲ್ಲದ ಜಾಗ ಹುಡುಕುತ್ತಿದ್ದೆವು. ಕೆರೆಯಾಚೆ ಹೊಲಗಳ ನಡುವೆ ಒಂದು ಪಾಳು ಗುಡಿ ಸಿಕ್ಕಿತು. ನಾಲ್ಕು ಕಂಬ, ಒಂದು ಮುರುಕು ಜಗಲಿ, ಸುತ್ತ ಲಂಟಾನ. ನೆರಳಿತ್ತು, ನಿಶ್ಶಬ್ದವಿತ್ತು. ಊರಿನ ಒಬ್ಬರಿಂದ ಕೇಳಿ ತಂದ ನಾಯಿಯನ್ನು ಜಗಲಿಯ ಮೇಲೆ ಕೂರಿಸಿ, ತಂತಿ ಅಂಟಿಸಿ, ಕೆಲಸ ಶುರು ಮಾಡಿದೆವು. ಹೊರಗಿನ ವಾಸನೆಗೆ ಹೇಗೆ ಸ್ಪಂದಿಸುತ್ತದೆ ನೋಡೋಣ ಅಂತ, ನಾನು ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ನಾಯಿಯ ಜೊತೆ ಗುಡಿಯ ಸುತ್ತ ನಡೆದೆ. ನಾಯಿ ನೆಲ ಮೂಸುತ್ತಾ ಹೋಯಿತು. ಒಂದು ಕಲ್ಲಿನ ಬುಡದಲ್ಲಿ ನಿಂತು ಕಾಲಿನಿಂದ ಮಣ್ಣು ಕೆರೆಯಿತು. ಪರದೆಯಲ್ಲಿ ಅಲೆ ಎದ್ದಿತು. "ಬಂತು, ಬಂತು, ಇಲ್ಲೇ ಇದೆ!" ಅಂದೆ ಜೋರಾಗಿ.

ತಲೆಯೆತ್ತಿದರೆ ಸುತ್ತ ಜನ. ಕೈಯಲ್ಲಿ ಕುಡುಗೋಲು, ದೊಣ್ಣೆ. ಹೊಲದಿಂದ ಹಾಗೇ ಎದ್ದು ಬಂದಿದ್ದರು.

ಆ ಕಡೆ ಪಾಳು ಗುಡಿಗಳನ್ನು ನಿಧಿಯಾಸೆಗೆ ಅಗೆದುಹಾಕುವ ಕಳ್ಳರ ಕಾಟ ಇದೆ. ಊರವರು ಎಚ್ಚರವಾಗಿರುವುದು ನ್ಯಾಯವೇ. ಮಿಷನ್ ಹೊತ್ತ ಹೆಂಗಸು, ತಂತಿ ಅಂಟಿಸಿದ ನಾಯಿ, ಹಣೆಗೆ ಮಫ್ಲರ್ ಬಿಗಿದ ಡ್ರೈವರ್. ಅವರ ಜಾಗದಲ್ಲಿ ನಾನಿದ್ದರೂ ದೊಣ್ಣೆ ತರುತ್ತಿದ್ದೆ.

"ಎಷ್ಟ್ ಕೊಪ್ಪರಿಗೆ ಐತಂತೆ?" ಅಂತ ಮುಂದೆ ನಿಂತಿದ್ದ ದಪ್ಪ ಮೀಸೆಯವರು ಕೇಳಿದರು.

ನಾಯಿಯ ಮೂಗು, ಮಿದುಳಿನ ಲಯ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹೇಳುತ್ತಾ ಹೋದಂತೆ ನನಗೇ ಅದು ಸುಳ್ಳಿನ ಹಾಗೆ ಕೇಳಿಸತೊಡಗಿತು. ಡ್ರೈವರ್ ಆಗಲೇ ಅಳುವ ದನಿಯಲ್ಲಿ, "ನಾನು ಬರೀ ಗಾಡಿ ಓಡ್ಸೋನು ಕಣಣ್ಣ, ನಿಧಿ ಪೂರ್ತಿ ಮೇಡಮ್‌ದೇ" ಅಂದುಬಿಟ್ಟ.

ಪೊಲೀಸರಿಗೆ ಫೋನ್ ಹೋಯಿತು. ಅವರು ಬರುವವರೆಗೆ ನಮ್ಮನ್ನು ಜಗಲಿಯ ಮೇಲೆ ಕೂರಿಸಿದರು. ನಾಯಿಗೆ ಮಾತ್ರ ನೀರು ಕೊಟ್ಟರು. ಬಂದ ಅಧಿಕಾರಿ ನನ್ನ ಗುರುತಿನ ಚೀಟಿ ನೋಡಿ, ಊರವರು ಗುಡಿ ಕಾದದ್ದಕ್ಕೆ ಮೆಚ್ಚಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಚಿನ್ನಕ್ಕೆ ವಾಸನೆ ಇರಲ್ಲ ಕಣ್ರಯ್ಯಾ. ನಾಯಿ ಹೆಂಗೆ ಕಂಡುಹಿಡಿಯುತ್ತೆ?" ನಾಯಿ ಕೆರೆದ ಜಾಗವನ್ನು ಎಲ್ಲರೆದುರಿಗೇ ಕೋಲಿನಿಂದ ಕೆದಕಿ ನೋಡಿದರು. ಯಾರೋ ಊಟ ಮಾಡಿ ಹೂತಿಟ್ಟ ಕೋಳಿ ಮೂಳೆ ಸಿಕ್ಕಿತು. ಜನ ನಕ್ಕರು. ದಪ್ಪ ಮೀಸೆಯವರು ಕ್ಷಮೆ ಕೇಳಿ ಎಳನೀರು ಕೆತ್ತಿಸಿ ಕೊಟ್ಟರು.

ಜೀಪ್ ಹತ್ತಿ ಕೆರೆ ಏರಿ ದಾಟಿದೆವೋ ಇಲ್ಲವೋ, ಹಿಂದಿನಿಂದ ಬೈಕ್ ಹಾರನ್. ದಪ್ಪ ಮೀಸೆಯವರೇ. ಕಿಟಕಿಗೆ ಬಾಗಿ, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದರು.

"ಚಿನ್ನಕ್ಕೆ ವಾಸನೆ ಇಲ್ಲ ಅಂದ್ರಲ್ಲ ಪೊಲೀಸ್ನೋರು, ಸರಿ ಮೇಡಂ, ಒಪ್ಪಿದೆ. ಬೆಳ್ಳಿಗೆ?"

ಬೇಲೂರಿನ ವಾಕಿಂಗು

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇಲೂರಿನ ಒಂದು ಮನೆಯ ಕಥೆ.

ಗಂಡ ನಿವೃತ್ತ ಗುಮಾಸ್ತರು, ಹೆಂಡತಿ ನಿವೃತ್ತ ವಿಜ್ಞಾನದ ಮೇಷ್ಟ್ರಮ್ಮ. ಅವರದೊಂದು ಕಂದು ನಾಯಿ, ಹೆಸರು ರಾಜ. ನಾನು ಹೋದ ಊರುಗಳಲ್ಲೆಲ್ಲ ನನ್ನನ್ನು ಅನುಮಾನಿಸದೆ ಒಳಗೆ ಕರೆದದ್ದು ಆ ಮೇಷ್ಟ್ರಮ್ಮ ಒಬ್ಬರೇ. "ಮಿದುಳಿನ ಅಲೆಗಳಾ? ಬನ್ನಿ ಬನ್ನಿ, ನಾನೂ ನೋಡ್ಬೇಕು" ಅಂತ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಗಂಡ ಮಾತ್ರ ಸ್ವಲ್ಪ ದೂರದಲ್ಲಿ, ಪೇಪರ್ ಹಿಡಿದು ಕೂತಿದ್ದರು.

ಸೀಸೆಗಳನ್ನು ಹೊಂದಿಸಿಕೊಳ್ಳುವಾಗ ಆಕೆ ಮನೆಯ ಕಷ್ಟ ಹೇಳಿಕೊಂಡರು. ಯಜಮಾನರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಮಾತ್ರೆ ಜಾಸ್ತಿ ಮಾಡುತ್ತಲೇ ಇದ್ದಾರೆ, ಸಕ್ಕರೆ ಮಾತ್ರ ಇಳಿಯುತ್ತಿಲ್ಲ. "ಅನ್ನ ಬಿಡಿಸಿದೆ, ಮುದ್ದೆನೂ ಅರ್ಧ ಮಾಡಿದೆ. ಇವರ ಎದುರಿಗೆ ತಿನ್ನಬಾರದು ಅಂತ ನಾನೂ ಸಿಹಿ ಬಿಟ್ಟೆ. ಯುಗಾದಿಗೆ ಒಬ್ಬಟ್ಟು ಮಾಡಲಿಲ್ಲ. ಎಣ್ಣೆ ತಿಂಡಿ ಅಂತೂ ಬಾಣಲೆಯೇ ಅಟ್ಟ ಸೇರಿದೆ. ದಿನಾ ಬೆಳಿಗ್ಗೆ ರಾಜನ್ನ ಕರ್ಕೊಂಡು ವಾಕಿಂಗ್ ಹೋಗ್ತಾರೆ, ಒಂದು ದಿನ ತಪ್ಪಿಸಲ್ಲ. ಆದ್ರೂ ಇಳೀತಿಲ್ಲ. ನನ್ನ ಅಡುಗೆಯಲ್ಲೇ ಏನೋ ತಪ್ಪಾಗ್ತಿದೆ ಅಂತ ನಂಗೆ ನಿದ್ದೆ ಬರಲ್ಲ ಕಣಮ್ಮ." ಹೇಳುತ್ತಾ ಆಕೆಯ ಕಣ್ಣು ತುಂಬಿತು. ಪೇಪರಿನ ಹಿಂದಿನಿಂದ ಒಂದು ಕೆಮ್ಮು ಬಂತು.

ಕೆಲಸ ಶುರುವಾಯಿತು. ಕರ್ಪೂರ ತೋರಿಸಿದೆ. ಚುರುಕಿನ ಲಯ ಎದ್ದು ಅಡಗಿತು. ಮಲ್ಲಿಗೆಗೂ ಅಷ್ಟೇ. ಮೇಷ್ಟ್ರಮ್ಮನಿಗೆ ವಿವರಿಸಿದೆ. "ಇದರಿಂದ ತಿನ್ನೋಕೆ ಏನೂ ಸಿಗಲ್ಲ, ನಾಯಿಗೆ ಇದರಲ್ಲಿ ಸ್ವಾರಸ್ಯ ಇಲ್ಲ. ಅದು ಕಲಿತ ವಾಸನೆ ಬಂದ್ರೆ ನೋಡಿ, ಇಲ್ಲಿ ಬೇರೆ ಥರದ ಅಲೆ ಬರುತ್ತೆ." ಅವರ ಮನೆ ನಾಯಿಯ ಅನ್ನದ ತಟ್ಟೆಯನ್ನು ಒರೆಸಿದ ಹತ್ತಿ ತೋರಿಸಿದೆ. ಆ ಅಲೆ ಬಂತು, ಸಾಧಾರಣವಾಗಿ. ಆಕೆ ಶಾಲೆಯ ಮಕ್ಕಳ ಹಾಗೆ ತಲೆದೂಗಿದರು.

ಮುಂದಿನ ಸೀಸೆ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಕಡೆ ಕಟ್ಟಿಸಿಕೊಂಡಿದ್ದ ಬೋಂಡದ್ದು. ಮುಚ್ಚಳ ಇನ್ನೂ ಪೂರ್ತಿ ತೆಗೆದಿಲ್ಲ, ಪರದೆಯ ಮೇಲೆ ಅಲೆ ಗೋಪುರದಂತೆ ಎದ್ದಿತು. ನಾನು ಅದುವರೆಗೆ ಯಾವ ನಾಯಿಯಲ್ಲೂ ಅಷ್ಟು ದೊಡ್ಡದನ್ನು ನೋಡಿರಲಿಲ್ಲ. ರಾಜ ಎದ್ದು ನಿಂತು, ಬಾಲ ಆಡಿಸಿ, ಮುಂಗಾಲು ಎತ್ತಿ ಯಜಮಾನರ ಕಡೆ ತಿರುಗಿ ಕುಂಯ್ ಅಂದ.

ಮೇಷ್ಟ್ರಮ್ಮ ಕನ್ನಡಕ ಸರಿಮಾಡಿಕೊಂಡರು. "ಇದೇನು?"

"ಇದು ಬಹಳ ಚೆನ್ನಾಗಿ ಪರಿಚಯ ಇರೋ ವಾಸನೆ" ಅಂದೆ ಖುಷಿಯಲ್ಲಿ. ಆಮೇಲೆ ನಾಲಿಗೆ ಕಚ್ಚಿಕೊಂಡೆ.

"ಸೀಸೆಯಲ್ಲಿ ಏನಿದೆ?"

"ಬೋಂಡ."

ಆಕೆ ಕುರ್ಚಿಯನ್ನು ನಿಧಾನವಾಗಿ ತಿರುಗಿಸಿದರು. "ನಮ್ಮ ಮನೇಲಿ ಬಾಣಲೆ ಅಟ್ಟ ಸೇರಿದ ಮೇಲೆ ಹುಟ್ಟಿದ ನಾಯಿ ಇದು. ಬೋಂಡ ಎಲ್ಲಿ ಕಲೀತು?"

ಪೇಪರ್ ಕೆಳಗಿಳಿಯಲಿಲ್ಲ. "ಬೀದೀಲಿ ಎಲ್ಲಾದ್ರೂ ಮೂಸಿರುತ್ತೆ ಕಣೇ. ನಾಯಿ ಅಲ್ವಾ."

"ಮೂಸಿದ್ದಕ್ಕೆಲ್ಲ ಹೀಗೆ ಬರುತ್ತೇನಮ್ಮ?" ಅಂತ ನನ್ನನ್ನು ಕೇಳಿದರು. ನಾನು ಸತ್ಯ ಹೇಳಿದರೆ ಒಂದು ಸಂಸಾರ ಕೆಡುತ್ತದೆ, ಸುಳ್ಳು ಹೇಳಿದರೆ ಒಬ್ಬರ ಕಾಲು ಕಣ್ಣು ಕೆಡುತ್ತದೆ. "ತಿಂದು ತಿಂದು ಕಲಿತರೆ ಬರುತ್ತೆ" ಅಂದೆ ನೆಲ ನೋಡುತ್ತಾ.

ಆಕೆ ಎದ್ದರು. ಇಪ್ಪತ್ತೆಂಟು ವರ್ಷ ಪ್ರಯೋಗ ಮಾಡಿಸಿದವರ ಶಿಸ್ತು ಒಮ್ಮೆಗೇ ಮೈಮೇಲೆ ಬಂತು. ನಮ್ಮ ಡ್ರೈವರನ್ನು ಕರೆದು, ಪೇಟೆಯ ಮೂರು ಬೇರೆಬೇರೆ ಹೋಟೆಲಿನಿಂದ ಒಂದೊಂದು ಬೋಂಡ ಕಟ್ಟಿಸಿಕೊಂಡು ಬರಲು ಕಳಿಸಿದರು. "ಯಾವುದು ಎಲ್ಲಿಯದು ಅಂತ ನಂಗೆ ಮಾತ್ರ ಹೇಳಪ್ಪಾ. ಇವಮ್ಮನಿಗೂ ಹೇಳ್ಬೇಡ" ಅಂದರು. ಡ್ರೈವರ್ ಪೊಟ್ಟಣ ತಂದು ಅವರ ಕಿವಿಯಲ್ಲಿ ಹೇಳಿದ.

ಮೊದಲನೆಯ ಬೋಂಡ ಹಿಡಿದರು. ಅಲೆ ಬಂತು, ಸುಮಾರಾಗಿ. ಎರಡನೆಯದೂ ಹಾಗೇ. ಮೂರನೆಯ ಪೊಟ್ಟಣ ಬಿಚ್ಚಿದ್ದೇ ತಡ, ಅಲೆ ಪರದೆಯ ಮೇಲಂಚನ್ನೇ ಮುಟ್ಟಿತು. ರಾಜ ತಂತಿ ಸಮೇತ ಬಾಗಿಲ ಕಡೆ ಹೊರಟ.

ಮೇಷ್ಟ್ರಮ್ಮ ಸಣ್ಣಗೆ ಹೇಳಿದರು. "ಇದು ಬಸ್‌ಸ್ಟ್ಯಾಂಡ್ ಹಿಂದಿನ ಹೋಟೆಲಿಂದು."

"ನಾನ್ಯಾಕೆ ಅಲ್ಲಿಗೆ ಹೋಗ್ಲೇ!" ಅಂತ ಯಜಮಾನರು ಪೇಪರ್ ಎಸೆದು ಎದ್ದರು. "ಆ ಹೋಟೆಲ್ ಬೋಂಡಕ್ಕೆ ಉಪ್ಪೇ ಹಾಕಲ್ಲ, ಮೇಲಿಂದ ಸೋಡ ಬೇರೆ ಜಾಸ್ತಿ!"

ಅಂದಮೇಲೆ ಅವರಿಗೇ ಕೇಳಿಸಿತು.

ಆಕೆ ಬೈಯಲಿಲ್ಲ. ಕೂಗಿದ್ದರೆ ವಾಸಿಯಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನು ದಿನಾ ರಾತ್ರಿ ನನ್ನ ಸಾರಿಗೆ ಬೈಕೊಂಡು ಮಲಗ್ತಿದ್ದೆ ಕಣ್ರೀ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಈ ಸ್ಟಿಕ್ಕರ್ ಮನುಷ್ಯರಿಗೆ ಅಂಟಿಸಿದ್ರೂ ಗೊತ್ತಾಗುತ್ತಾ?"

"ಹುಬ್ಬಿನ ಮೇಲೆ ಅಂಟಿಸಿದ್ರೆ ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತೆ" ಅಂದೆ. ವಿಜ್ಞಾನದ ಪ್ರಶ್ನೆ ಕೇಳಿದರೆ ನನ್ನ ಬಾಯಿ ತಾನಾಗಿ ಉತ್ತರಿಸಿಬಿಡುತ್ತದೆ.

"ಹಾಗಾದ್ರೆ ಇವರ ಹಣೆಗೆ ಅಂಟಿಸಿ. ಎಷ್ಟು ಬೋಂಡ ತಿಂದಿದ್ದಾರೆ ಅಂತ ಇವತ್ತೇ ಗೊತ್ತಾಗ್ಲಿ."

ಎಷ್ಟು ಅನ್ನುವುದು ಅದರಲ್ಲಿ ಬರುವುದಿಲ್ಲ ಅಂತ ನಾನು ಹೇಳುವ ಮೊದಲೇ ಯಜಮಾನರು ಎರಡೂ ಕೈಯಲ್ಲಿ ಹಣೆ ಮುಚ್ಚಿಕೊಂಡು ಗೋಡೆಗೆ ಒರಗಿದರು. ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಕನಿಕರದಿಂದ ತನ್ನ ಮಫ್ಲರನ್ನೇ ಬಿಚ್ಚಿ ಅವರ ಕಡೆ ಚಾಚಿದ.

"ಬೇಡ, ಬೇಡ, ಹೇಳ್ಬಿಡ್ತೀನಿ!" ಅಂದರು ಯಜಮಾನರು. ಕಣ್ಣಲ್ಲಿ ನೀರು ಬಂದಿತ್ತು. "ಸರಸ್ವತಿ ಆಣೆಗೂ ಒಂದೇ ಒಂದು ಬೋಂಡ ನಾನು ಬಾಯಿಗೆ ಹಾಕಿಲ್ಲ ಕಣೇ! ಚೂರು ರುಚಿ ನೋಡಿ ಕೊಡ್ತಿದ್ದೆ ಅಷ್ಟೇ. ಬೋಂಡ ಎಲ್ಲಾ ರಾಜಂಗೆ. ಅವನಿಗೆ ಏನಾದ್ರೂ ಕೊಡಿಸದೆ ಇದ್ರೆ ಸುಮ್ನೆ ಕೂರ್ತಿರ್ಲಿಲ್ಲ, ಬೀದಿಯೋರೆಲ್ಲ ತಿರುಗಿ ನೋಡೋ ಹಂಗೆ ಬೊಗಳೋನು."

ಮೇಷ್ಟ್ರಮ್ಮನ ಮುಖ ಸಡಿಲವಾಯಿತು. ಅವರಿಗೆ ಗಂಡನ ಮೇಲೆ ಎಷ್ಟು ಪ್ರೀತಿ ಅನ್ನುವುದು ಆಗ ಕಾಣಿಸಿತು. ಹತ್ತಿರ ಹೋಗಿ ಅವರ ಹಣೆಯ ಮೇಲಿನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

"ನಿಜವಾಗ್ಲೂ? ನೀವು ತಿಂದಿಲ್ವಾ? ಮತ್ತೆ ಅವನು ಬೋಂಡ ತಿಂದು ಮುಗಿಸೋ ತನಕ ಅಲ್ಲಿ ಏನ್ ಮಾಡ್ತಿದ್ರಿ?"

"ನಾನಾ?" ಅಂದರು ಯಜಮಾನರು, ಮೂಗೊರೆಸಿಕೊಂಡು, ಪೂರ್ತಿ ನಿರಾಳವಾಗಿ. "ನಂದು ಮೈಸೂರ್‌ಪಾಕು ಕಣೇ."